ಒಲೆ ನನ್ನದು, ಹೆಸರು ಹಲಗೆಯದು

ನಾನು ಒಂದು ತಾಮ್ರದ ದೇಗ. ದೇಗ ಎಂದರೆ ಮದುವೆ, ಉರುಸುಗಳಲ್ಲಿ ನೂರಾರು ಜನಕ್ಕೆ ಅಡುಗೆ ಮಾಡುವ ದೊಡ್ಡ ಕೊಪ್ಪರಿಗೆ. ನನ್ನ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಆ ಹೊಟ್ಟೆಯಲ್ಲಿ ಒಮ್ಮೆಗೆ ಮೂವತ್ತು ಸೇರು ಅಕ್ಕಿ ಬೇಯುತ್ತಿತ್ತು, ಜೊತೆಗೆ ಒಂದಿಷ್ಟು ಮತ್ಸರವೂ ಬೇಯುತ್ತಿತ್ತು. ಅಕ್ಕಿಯನ್ನು ಊರು ಉಂಡು ಮುಗಿಸಿತು. ಮತ್ಸರವನ್ನು ಯಾರೂ ಬಡಿಸಿಕೊಳ್ಳಲಿಲ್ಲವಾದ್ದರಿಂದ ಅದು ಇನ್ನೂ ನನ್ನಲ್ಲೇ ಇದೆ.

ನಾನು ಹುಟ್ಟಿದ್ದು ಸವಡಿಬಾವಿ ಎಂಬ ಪೇಟೆ ಊರಿನ ಬೋಗಾರ ಓಣಿಯಲ್ಲಿ. ಜಿನ್ನಪ್ಪ ಬೋಗಾರ ಎಂಬ ಮುದುಕ ಒಂದೂವರೆ ತಿಂಗಳು ಕೂತು ನನ್ನನ್ನು ಬಡಿದು ಮಾಡಿದ. ಮಾಡಿಸಿದವರು ಮೌಲಾಸಾಬ ನದಾಫರು. ಅವರ ಹಿರಿಯರು ಬಿಲ್ಲಿನಿಂದ ಹತ್ತಿ ಹಿಂಜುತ್ತಿದ್ದ ಪಿಂಜಾರರು. ಹಿಂಜುವ ಯಂತ್ರ ಬಂದ ಮೇಲೆ ಬಿಲ್ಲು ಗೋಡೆ ಸೇರಿತು, ಮೌಲಾಸಾಬರ ಕೈಗೆ ಸಟ್ಟುಗ ಬಂತು. ಚಕ್ಕಡಿಯಲ್ಲಿ ಹುಲ್ಲು ಹಾಸಿ ನನ್ನನ್ನು ಪಿಂಜಾರ ಓಣಿಗೆ ತಂದರು. ಹಾದಿಯುದ್ದಕ್ಕೂ ಜನ ನಿಂತು ನೋಡಿದರು. ಒಳಗೆ ಹೊಸ ಕಲಾಯಿ, ಹೊರಗೆ ಕೆಂಪು ಹೊಳಪು. ಊರಿನಲ್ಲಿ ನನಗೆ ಸಮ ಯಾರೂ ಇಲ್ಲ ಎಂದುಕೊಂಡೆ. ಆ ಸಂತೋಷ ಮರುದಿನ ಬೆಳಿಗ್ಗೆಯವರೆಗೆ ಇತ್ತು.

ಮರುದಿನ ದರ್ಗಾದ ಉರುಸು. ಮೌಲಾಸಾಬರು ಮೂರು ಕಲ್ಲು ಹೂಡಿ ಜಾಲಿಯ ಕಟ್ಟಿಗೆ ಹೊತ್ತಿಸಿದರು. ಉರಿ ಹದವಾಗಿ ಎದ್ದಿತು. ಇನ್ನೇನು ನನ್ನನ್ನು ಏರಿಸುತ್ತಾರೆ ಎನ್ನುವಷ್ಟರಲ್ಲಿ ಎದೆಗೆ ಒಂದು ಹಲಗೆ ತೂಗುಹಾಕಿಕೊಂಡ ಎಳೆಯ ವಯಸ್ಸಿನ ಒಬ್ಬ ಗಂಡಸು ಬಂದು ಅಂಗಳದ ತುದಿಗೆ ನಿಂತ. ಅವನು ದುರಗಪ್ಪ ಮಾದರ. ಊರಿನ ಯಾವ ಮೆರವಣಿಗೆಯೇ ಇರಲಿ, ಹೆಣವೇ ಇರಲಿ, ಮುಂದೆ ಅವನ ಹಲಗೆ ಇರಬೇಕು.

"ಬಾರೋ ದುರಗಾ, ಅಲ್ಲ್ಯಾಕ ನಿಂತಿ? ಮದಲ ನಿನ್ನ ಹಲಗಿ ಕಾಯಲಿ, ಆಮ್ಯಾಲ ದೇಗ ಏರಸೂನು" ಎಂದರು ಮೌಲಾಸಾಬರು.

"ಹೊಸಾ ದೇಗರಿ, ಮೌಲಾಸಾಬ್ರ. ನೀವು ಮದಲ ಏರಸ್ರಿ. ನಾ ಕುಂದರತೀನಿ."

"ಸಣ್ಣ ಉರಿ ಹಲಗೀಗೆ, ದೊಡ್ಡ ಉರಿ ದೇಗಕ್ಕ. ಬಾ ಇಲ್ಲೆ."

ಹಲಗೆ ಎಂದರೆ ಚರ್ಮದ ವಾದ್ಯ. ತಂಪಿಗೆ ಚರ್ಮ ಸಡಿಲಾಗಿ ದನಿ ಮಂಕಾಗುತ್ತದೆ. ಬೆಂಕಿಗೆ ಹಿಡಿದು ಕಾಸಿದರೆ ಬಿಗಿದು ಖಣಖಣ ಎನ್ನುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಆಗ ತಿಳಿದದ್ದು ಇಷ್ಟೇ: ನನ್ನ ಮೊದಲ ಅಡುಗೆಯ ಮೊದಲ ಉರಿ ಇನ್ಯಾರದೋ ಪಾಲಾಯಿತು. ದುರಗಪ್ಪ ಹಲಗೆಯನ್ನು ಉರಿಯ ಮೇಲೆ ಆ ಕಡೆ ಈ ಕಡೆ ತಿರುಗಿಸಿ, ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಮತ್ತೆ ಕಾಸಿದ. ಹೆತ್ತ ತಾಯಿ ಕೂಸಿಗೆ ಎರೆಯುವಾಗಲೂ ಅಷ್ಟು ಮುದ್ದು ಮಾಡುವುದಿಲ್ಲ. ನಾನು ಪಕ್ಕದಲ್ಲಿ ಬಾಯಿ ಬಿಟ್ಟುಕೊಂಡು ಕೂತಿದ್ದೆ.

ಕಾದ ಹಲಗೆ ಎದ್ದು ಹೋಯಿತು. ಬೀದಿಯಲ್ಲಿ ಅದು ಒಂದು ಸಲ ಗುಡುಗಿದ್ದೇ ತಡ, ಕೊಪ್ಪರಿಗೆ ನೋಡಲು ನಿಂತಿದ್ದವರೆಲ್ಲ ಅದರ ಹಿಂದೆ ಓಡಿದರು. ನನ್ನ ಬೆಂಕಿಯ ಬಿಸಿ ತೆಗೆದುಕೊಂಡು ನನ್ನ ಜನರನ್ನೇ ಕರೆದುಕೊಂಡು ಹೋಯಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಅವತ್ತಿನಿಂದ ನನಗೆ ಹಲಗೆಯನ್ನು ಕಂಡರೆ ಆಗದು.

ಆಮೇಲಿನ ಇಪ್ಪತ್ತು ವರ್ಷ ಹೀಗೆಯೇ ನಡೆಯಿತು. ಉರುಸು, ಮೊಹರಂ, ಮದುವೆ, ಸುನ್ನತಿ, ಯಾವುದಾದರೂ ಸರಿ, ಮೊದಲು ಹಲಗೆ ಕಾಯಬೇಕು, ಆಮೇಲೆ ನಾನು ಏರಬೇಕು. ಮೊಹರಮ್ಮಿನಲ್ಲಿ ನೇಕಾರ ಓಣಿಯವರು ಲೋಹದ ಹಸ್ತದ ಪಂಜಾ ಹೊರುತ್ತಿದ್ದರು, ಕುರುಬ ಓಣಿಯ ಹುಡುಗರು ಗೆಜ್ಜೆ ಕಟ್ಟಿ ಕುಣಿಯುತ್ತಿದ್ದರು, ಪಿಂಜಾರ ಓಣಿಯವರು ಹಾಡುತ್ತಿದ್ದರು. ಎಲ್ಲರನ್ನೂ ಒಂದು ಹೆಜ್ಜೆಗೆ ತರುತ್ತಿದ್ದದ್ದು ದುರಗಪ್ಪನ ಹಲಗೆ. ಕುಣಿದು ದಣಿದವರು ನನ್ನ ಸಿಹಿ ಅನ್ನ ಉಂಡು ಹೋಗುವಾಗ ಆಡುತ್ತಿದ್ದ ಮಾತು, "ಏನ್ ಬಾರಿಸಿದ್ನಲೇ ದುರಗಪ್ಪ!" ಬಾಯಿ ತುಂಬ ನನ್ನ ಅನ್ನ, ಮಾತು ಹಲಗೆಯದು. ಅನ್ನ ಚೆನ್ನಾಗಿತ್ತು ಎಂದು ಯಾರಾದರೂ ಅಂದರೆ ಅದು ಮೌಲಾಸಾಬರಿಗೆ ಸೇರುತ್ತಿತ್ತು. ನನಗೆ ಉಳಿಯುತ್ತಿದ್ದದ್ದು ತಳಕ್ಕೆ ಹತ್ತಿದ ಸೀಕು.

ಈಗ ಒಂದು ಸಂಗತಿ ಹೇಳಬೇಕು. ಹೇಳದೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ನನಗೆ ಗೊತ್ತಿದೆಯಲ್ಲ.

ಊರಿನ ದೊಡ್ಡ ಮನೆಯ ಮದುವೆಗೆ ನನ್ನನ್ನು ಬಾಡಿಗೆಗೆ ಒಯ್ದರು. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ತಾಮ್ರಕ್ಕೆ ಜಾತಿ ಇಲ್ಲ. ನಾನು ನೇರ ಅಡುಗೆಮನೆಯ ಹಿತ್ತಲಿಗೆ ಹೋದೆ. ದುರಗಪ್ಪ ಮತ್ತು ಅವನ ಜೊತೆಯವರು ಬೆಳಗಿನಿಂದ ಬಿಸಿಲಿನಲ್ಲಿ ನಿಂತು ಬಾರಿಸಿದರು. ಬೀಗರು ಕುಣಿದರು, ಮದುಮಗನೂ ಎರಡು ಹೆಜ್ಜೆ ಹಾಕಿದ. ಎಲ್ಲರ ಊಟ ಮುಗಿದ ಮೇಲೆ ಹಲಗೆಯವರನ್ನು ಹಿತ್ತಲ ಗೋಡೆಯ ಆಚೆಗೆ ಕರೆದರು. ಅವರು ತಮ್ಮ ತಮ್ಮ ತಾಟು ಚಾಚಿದರು. ಈಚೆಯಿಂದ ಒಬ್ಬ ಗೋಡೆಯ ಮೇಲೆ ಕೈ ಎತ್ತಿ, ತಾಟಿಗೆ ತಾಗದ ಹಾಗೆ, ಮೇಲಿನಿಂದ ಅನ್ನ ಸುರುವಿದ. ಅರ್ಧ ತಾಟಿಗೆ ಬಿತ್ತು, ಅರ್ಧ ಮಣ್ಣಿಗೆ. ಹಲಗೆ ದುರಗಪ್ಪನ ಬೆನ್ನಿನ ಮೇಲೆ ಸುಮ್ಮನೆ ತೂಗಾಡುತ್ತಿತ್ತು.

ನನಗೆ ಖುಷಿಯಾಯಿತು.

ಹೌದು, ಖುಷಿಯಾಯಿತು. "ಈಗ ಬಾರಿಸು ನೋಡೋಣ" ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನಾನು ಗೋಡೆಯ ಒಳಗೆ, ಅದು ಗೋಡೆಯ ಹೊರಗೆ. ಹೊರಗೆ ನಿಂತದ್ದು ಹಲಗೆಯಲ್ಲ, ಹಸಿದ ಮನುಷ್ಯ ಎಂಬುದು ಆ ಹೊತ್ತಿಗೆ ನನ್ನ ದೊಡ್ಡ ಹೊಟ್ಟೆಗೆ ಹೊಳೆಯಲೇ ಇಲ್ಲ. ಮತ್ಸರ ಮನುಷ್ಯರನ್ನು ಕುರುಡು ಮಾಡುತ್ತದೆ ಎನ್ನುತ್ತಾರೆ. ಪಾತ್ರೆಗಳನ್ನೂ ಮಾಡುತ್ತದೆ.

ಮೌಲಾಸಾಬರು ತೀರಿಕೊಂಡರು. ಗಂಡ ಸತ್ತು ತವರಿಗೆ ಬಂದಿದ್ದ ಮಗಳು ಮಾಬೂಬಿ ನನ್ನ ಒಡತಿಯಾದಳು. ಹೆಣ್ಣುಮಗಳು ದೇಗ ಇಳಿಸಬಲ್ಲಳೇ ಎಂದು ನಕ್ಕವರಿಗೆ ಅವಳು ಉತ್ತರ ಕೊಡಲಿಲ್ಲ, ಬಿರಿಯಾನಿ ಕೊಟ್ಟಳು. ತಂದೆಯ ನಿಯಮ ಅವಳೂ ಬಿಡಲಿಲ್ಲ. ದುರಗಪ್ಪ ಬಂದರೆ "ಬಾ ಕಾಕಾ, ಒಲಿ ತಯಾರೈತಿ" ಎನ್ನುತ್ತಿದ್ದಳು. ನನ್ನ ಹಣೆಬರಹ ಬದಲಾಗಲಿಲ್ಲ.

ದುರಗಪ್ಪನ ಮಗ ಯಲ್ಲಪ್ಪ ಪುರಸಭೆಯಲ್ಲಿ ಗುತ್ತಿಗೆಯ ಮೇಲೆ ಚರಂಡಿ ಕೆಲಸಕ್ಕಿದ್ದ. ಯಲ್ಲಪ್ಪನ ಹೆಂಡತಿ ಹುಲಿಗೆವ್ವ ಬೀದಿ ಗುಡಿಸುತ್ತಿದ್ದಳು. ಪಿಂಜಾರ ಓಣಿ ಅವಳ ಪಾಳಿಗೆ ಬರುತ್ತಿತ್ತು. ಮುಂಜಾನೆ ಗುಡಿಸಿ ಮುಗಿದ ಮೇಲೆ ಮಾಬೂಬಿ ಅವಳಿಗೆ ಚಹಾ ಕೊಡುತ್ತಿದ್ದಳು. ಇಬ್ಬರೂ ಕಟ್ಟೆಯ ಮೇಲೆ ಕೂತು ಸುಖದುಃಖ ಮಾತಾಡುತ್ತಿದ್ದರು. ಆದರೆ ಹುಲಿಗೆವ್ವನ ಕಪ್ಪು ಬೇರೆ ಇತ್ತು. ಬಾಗಿಲ ಹೊರಗಿನ ಗೂಡಿನಲ್ಲಿ ಇರುತ್ತಿತ್ತು. ಇಡು ಎಂದು ಯಾರೂ ಹೇಳಿರಲಿಲ್ಲ, ತೆಗೆ ಎಂದೂ ಯಾರೂ ಹೇಳಿರಲಿಲ್ಲ.

ಒಂದು ರವಿವಾರ ಬಸ್ ನಿಲ್ದಾಣದ ಹಿಂದಿನ ಒಳಚರಂಡಿಯ ಗುಂಡಿಗೆ ಇಳಿದ ಯಲ್ಲಪ್ಪ ಮೇಲೆ ಬರಲಿಲ್ಲ. ಒಳಗಿನ ಗಾಳಿಗೆ ಉಸಿರುಕಟ್ಟಿ ಸತ್ತ. ಪುರಸಭೆಯವರು, ಅವತ್ತು ರಜೆ, ಯಾರೂ ಅವನನ್ನು ಕಳಿಸಿಲ್ಲ, ಕುಡಿದು ತಾನೇ ಬಿದ್ದಿದ್ದಾನೆ ಎಂದು ಬರೆದುಕೊಂಡರು. ಕೂಲಿಗಳನ್ನು ಕೆಲಸಕ್ಕೆ ಕಳಿಸುವವನು ದಫೇದಾರ ಈರಪ್ಪ. ಅವನೂ "ನಾ ಕಳಿಸಿಲ್ಲ" ಎಂದ.

ಹುಲಿಗೆವ್ವ ಪುರಸಭೆಯ ಮುಂದಿನ ಬೇವಿನ ಮರದ ಕೆಳಗೆ ಹೋಗಿ ಕೂತಳು. ಜೊತೆಗೆ ಕಸಬರಿಗೆ ಹಿಡಿದ ಮೂವತ್ತು ಹೆಂಗಸರು ಕೂತರು. ಅವಳು ಕೇಳಿದ್ದು ಒಂದೇ. "ನನ್ನ ಗಂಡ ಕುಡದು ಬಿದ್ದಿಲ್ಲ. ನೀವು ಕಳಿಸಿದ್ರಿ. ಕಳಿಸೇವಿ ಅಂತ ಬರಕೊಡ್ರಿ." ಹಾಗೆ ಬರೆದುಕೊಟ್ಟರೆ ಅವಳಿಗೆ ಕಾಯಂ ಕೆಲಸ, ಮಕ್ಕಳಿಗೆ ಪರಿಹಾರ ಸಿಗುತ್ತಿತ್ತು. ಅವನ ಹೆಸರಿಗೆ ಮೆತ್ತಿದ ಹೊಲಸೂ ಹೋಗುತ್ತಿತ್ತು. ದುರಗಪ್ಪ ಅಲ್ಲಿ ಹಲಗೆ ಬಾರಿಸತೊಡಗಿದ. ಹಾಡಿಲ್ಲ, ಕುಣಿತವಿಲ್ಲ, ಬೆಳಗಿನಿಂದ ಸಂಜೆಯವರೆಗೆ ಒಂದೇ ಪೆಟ್ಟು. ಹೆಣದ ಮುಂದೆ ಬಾರಿಸುವ ಪೆಟ್ಟು.

ಮೂರನೆಯ ದಿನ ಮಾಬೂಬಿ ನನ್ನನ್ನು ಕೈಗಾಡಿಗೆ ಏರಿಸಿದಳು. "ಬರೇ ಬ್ಯಾಳಿ ಖಿಚಡಿ ಮಾಡತೀನಿ. ಮಾಂಸದ ನೆವಾ ಯಾರಿಗೂ ಸಿಗಬಾರದು" ಎಂದಳು. ಬೇವಿನ ಮರದ ಕೆಳಗೆ ಒಲೆ ಹೂಡಿದರು. ಮಗ ಸತ್ತವನ ಕೈಯಲ್ಲಿದ್ದರೂ ಹಲಗೆಗೇ ಮೊದಲ ಉರಿ. ಇರಲಿ, ಇವತ್ತು ತೋರಿಸುತ್ತೇನೆ ಎಂದುಕೊಂಡೆ. ಖಿಚಡಿ ಘಮಘಮ ಎಂದಿತು. ಮಾಬೂಬಿ ಸಟ್ಟುಗವನ್ನು ಹುಲಿಗೆವ್ವನ ಕೈಗೆ ಕೊಟ್ಟಳು.

"ಊಟ ನಿನ್ನ ಗಂಡನ ಹೆಸರಿನ್ಯಾಗ ಐತಿ. ನೀನ ಹಾಕು, ತಂಗಿ."

ಹಲಗೆ ಕೇಳಿ ಸೇರಿದ್ದ ಜನ ಮುನ್ನೂರಕ್ಕೆ ಕಡಿಮೆ ಇರಲಿಲ್ಲ. ಸಂತೆಗೆ ಬಂದವರು, ಅಂಗಡಿಯವರು, ನೇಕಾರರು, ಕಾಲೇಜಿನ ಹುಡುಗರು. ಕಣ್ಣೊರೆಸಿಕೊಳ್ಳುವವರೂ ಇದ್ದರು. ಆದರೆ ಸಟ್ಟುಗ ಹುಲಿಗೆವ್ವನ ಕೈಗೆ ಹೋದದ್ದೇ ತಡ, ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬನಿಗೆ ಆಗಲೇ ಊಟವಾಗಿತ್ತು, ಮತ್ತೊಬ್ಬನಿಗೆ ಉಪವಾಸ. ಕಸಬರಿಗೆಯ ಹೆಂಗಸರು ಬಿಟ್ಟರೆ ಒಬ್ಬರೂ ತಾಟು ಹಿಡಿಯಲಿಲ್ಲ. ಎಲ್ಲರೂ ನಿಂತೇ ಇದ್ದರು. ಹಲಗೆ ಕೇಳುತ್ತಿದ್ದರು.

ನನ್ನ ಹೊಟ್ಟೆ ಎಂದೂ ಹಾಗೆ ಉರಿದಿರಲಿಲ್ಲ. ಅದರ ದನಿಗೆ ತಲೆದೂಗುತ್ತೀರಿ, ನನ್ನ ಅನ್ನ ಮುಟ್ಟುವುದಿಲ್ಲವೇ? ಕೇಳುವುದಕ್ಕೆ ಏನು ಖರ್ಚು? ಕಿವಿಗೆ ಮೈಲಿಗೆ ಇಲ್ಲ! ತುಂಬಿದ ಹೊಟ್ಟೆ ಹೊತ್ತುಕೊಂಡು ನಾನು ನಡುಬೀದಿಯಲ್ಲಿ ಯಾರಿಗೂ ಬೇಡದೆ ಕೂತೆ. ಆಗ ದೊಡ್ಡ ಮನೆಯ ಗೋಡೆ ನೆನಪಾಯಿತು. ಆಚೆ ಬದಿ ಎಂದರೆ ಏನು ಎಂಬುದು ನನಗೆ ಮೊದಲ ಬಾರಿ ತಿಳಿಯಿತು. ಖಿಚಡಿಯ ಬಿಸಿ ಆರುತ್ತಿತ್ತು.

ಅಷ್ಟರಲ್ಲಿ ಹಲಗೆ ನಿಂತಿತು.

ದುರಗಪ್ಪ ಕೋಲು ಕೆಳಗಿಟ್ಟು, ಹಲಗೆಯನ್ನು ಬೋರಲು ಹಾಕಿದ. "ಇಷ್ಟ ವರ್ಷ ನನ್ನ ಹಲಗಿ ಕೇಳೀರಿ. ಸಾಕು. ನನ್ನ ಸೊಸಿ ಕೈಲೆ ಉಂಡೋರಿಗೆ ಅಷ್ಟ ಇನ್ನ ಮ್ಯಾಲೆ ಹಲಗಿ. ಉಣ್ಣದಿದ್ರ ನಿಮ್ಮ ಮದವಿಗೂ ಇಲ್ಲ, ಹೆಣಕ್ಕೂ ಇಲ್ಲ."

ನನಗಾಗಿ ಹಲಗೆ ಬಾಯಿ ಮುಚ್ಚಿತು! ನಂಬಲಾಗಲಿಲ್ಲ. ಖುಷಿಪಡಬೇಕೋ, ಅದರಲ್ಲೂ ನನ್ನನ್ನು ಸೋಲಿಸಿತಲ್ಲ ಎಂದು ಮತ್ತೆ ಕರುಬಬೇಕೋ ಗೊತ್ತಾಗಲಿಲ್ಲ. ಎರಡನ್ನೂ ಮಾಡಿದೆ.

ಜನ ಅತ್ತಿತ್ತ ನೋಡಿದರು. ಹುಲಿಗೆವ್ವ ಯಾರನ್ನೂ ಕರೆಯಲಿಲ್ಲ. ಅವಳು ತಿರುಗಿ ಮಾಬೂಬಿಯನ್ನು ನೋಡಿದಳು, ಅಷ್ಟೇ. ಮಾಬೂಬಿಯ ಮುಖ ಕೆಂಪಾಯಿತು. ಅಡುಗೆ ಮಾಡಿದವಳು ಅವಳು, ಆದರೆ ಉಂಡಿರಲಿಲ್ಲ. ಗೂಡಿನಲ್ಲಿದ್ದ ಕಪ್ಪು ಇಬ್ಬರಿಗೂ ನೆನಪಾಗಿರಬೇಕು. ಮಾಬೂಬಿ ಒಂದು ತಾಟು ತೆಗೆದುಕೊಂಡು ಸಾಲಿನ ಮೊದಲಿಗೆ ಬಂದು ನಿಂತಳು.

"ಹಾಕವಾ."

ಅವಳು ನೆಲದ ಮೇಲೆ ಕೂತು ಎಲ್ಲರ ಎದುರಿಗೆ ಉಂಡಳು. ಆಮೇಲೆ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವ ಒಬ್ಬ ಮುದುಕಿ ಬಂದಳು. ಅವಳ ಹಿಂದೆ ಕಾಲೇಜಿನ ಹುಡುಗರು. ಸಂಜೆಯ ಹೊತ್ತಿಗೆ ನನ್ನ ತಳ ಕಂಡಿತು.

ಮರುದಿನದಿಂದ ಒಂದೊಂದು ಓಣಿ ಒಂದೊಂದು ಸಾಮಾನು ಕಳಿಸಿತು. ಉಣ್ಣಲು ಮನಸ್ಸು ಬಾರದವರು ಅಕ್ಕಿ ಕಳಿಸಿ ಸಮಾಧಾನ ಮಾಡಿಕೊಂಡರು. ಭಜನೆಯವರು ಹಾರ್ಮೋನಿಯಂ ಪೇಟಿ, ತಾಳ ತಂದರು, ಮೊಹರಮ್ಮಿನಲ್ಲಿ ಹಾಡುವವರು ಬಂದರು. ಭಜನೆಯ ಸಾಲಿಗೂ ಮೊಹರಮ್ಮಿನ ಹಾಡಿಗೂ ಹಲಗೆಯೇ ಹೆಜ್ಜೆ ಕೊಟ್ಟಿತು. ಮೊದಲು ಒಬ್ಬ ಶತ್ರು ಇದ್ದ, ಈಗ ಪೇಟಿ, ತಾಳ ಸೇರಿ ಮೂವರಾದರು. ನಾನು ಬೇಯುತ್ತಲೇ ಇದ್ದೆ.

ದಫೇದಾರ ಈರಪ್ಪ ಮಾತ್ರ ಉಣ್ಣಲಿಲ್ಲ. ಅವನ ಮೇಜು ಕಿಟಕಿಯ ಪಕ್ಕದಲ್ಲಿತ್ತು. ಊಟದ ಹೊತ್ತಿಗೆ ಕಿಟಕಿ ಮುಚ್ಚುತ್ತಿದ್ದ. ಒಂದು ದಿನ ಮಾಬೂಬಿ ತಾಟು ಹಿಡಿದು ಒಳಗೇ ಹೋದಳು. ಅವನು ಮುಖ ತಿರುಗಿಸಿದನಂತೆ. ಹೊರಗೆ ಬಂದವಳೇ ಕೂಗಿದಳು, "ಊರ ಹೊಲಸೆಲ್ಲಾ ಅವರ ಕೈಲೆ ತಗಸ್ತೀರಿ, ಅವರ ಕೈ ಅನ್ನಕ್ಕ ಜಾತಿ ಅಡ್ಡ ಬಂತೇನ್ರಿ ದಫೇದಾರ್ರ?" ಎಲ್ಲರೂ ಹಾಗೆಯೇ ತಿಳಿದರು. ನಾನೂ ಹಾಗೆಯೇ ತಿಳಿದೆ.

ಹನ್ನೊಂದನೆಯ ದಿನ ಮಧ್ಯಾಹ್ನ ಅವನು ತಾನಾಗಿಯೇ ಹೊರಗೆ ಬಂದ. ಬಂದು ನನ್ನ ಎದುರಿಗೆ ನಿಂತ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಹಲಗೆ ಮೆಲ್ಲಗಾಗಿ ನಿಂತಿತು.

"ಉಣ್ರಿ, ದಫೇದಾರ್ರ" ಎಂದಳು ಹುಲಿಗೆವ್ವ.

"ಜಾತಿ ಅಲ್ಲವಾ ನನಗ. ಹನ್ನೊಂದು ದಿನ ಆತು, ಮನ್ಯಾಗೂ ನೆಟ್ಟಗ ಉಂಡಿಲ್ಲ. ನಿನ್ನ ಉಪ್ಪು ಉಂಡ ಮ್ಯಾಲ ಸುಳ್ಳು ಹೇಳಾಕ ನನ್ನ ಕೈಲೆ ಆಗೂದಿಲ್ಲ. ಉಂಡ್ರ ಹೇಳಬೇಕಾಗತೈತಿ."

ಉಂಡ ಮನೆಗೆ ಎರಡು ಬಗೆಯಬಾರದು ಎಂಬುದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಆದರೆ ಅದಕ್ಕೆ ಹೆದರಿ ಒಬ್ಬ ಅಷ್ಟು ದಿನ ಕಿಟಕಿ ಮುಚ್ಚಿ ಕೂತಿದ್ದನ್ನು ನಾನು ಕಂಡಿರಲಿಲ್ಲ. ಮಾಬೂಬಿ ತಲೆ ತಗ್ಗಿಸಿದಳು. ಹುಲಿಗೆವ್ವ ಸಟ್ಟುಗವನ್ನು ನನ್ನೊಳಗೆ ಅದ್ದಿ ತುಂಬಿಸಿದಳು.

"ಹಂಗಾರ ಉಣ್ರಿ."

ಅವನು ತಾಟು ಹಿಡಿದ. ನೆಲಕ್ಕೆ ಕೂತು, ಒಂದಗುಳು ಬಿಡದೆ ಉಂಡ. ಕೈ ತೊಳೆದುಕೊಂಡು ಎದ್ದು ನಿಂತ.

"ರವಿವಾರ ಮುಂಜಾನೆ ಪುರಸಭಿ ಸಾಹೇಬ್ರ ಫೋನ್ ಬಂತು. ಗುಂಡಿ ಕಟ್ಟೈತಿ, ಯಾರನರೆ ಇಳಸು ಅಂದ್ರು. ನಾನ ಯಲ್ಲಪ್ಪನ್ನ ಕರಕೊಂಡು ಹೋದೆ. ಅವ ಒಲ್ಲೆ ಅಂದಾ. ಕೆಲಸಾ ಹೋಗತೈತಿ ನೋಡು ಅಂತ ಹೆದರಿಸಿದೆ. ಕುಡದಿರಲಿಲ್ಲ ಅವ. ನಾಷ್ಟಾನೂ ಮಾಡಿರಲಿಲ್ಲ."

ಆ ಕೊನೆಯ ಮಾತಿಗೆ ಹುಲಿಗೆವ್ವ ಮೊದಲ ಸಲ ಅತ್ತಳು. ಅಷ್ಟು ದಿನದಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ದುರಗಪ್ಪ ಕೋಲು ಎತ್ತಿಕೊಳ್ಳಲು ಹೋಗಿ, ಆಗದೆ, ಹಲಗೆಯ ಮೇಲೆ ಅಂಗೈ ಊರಿ ಕೂತುಬಿಟ್ಟ.

ಈರಪ್ಪ ಅದನ್ನೇ ಬರೆದುಕೊಟ್ಟ. ತಿಂಗಳೊಳಗೆ ಯಲ್ಲಪ್ಪ ಕೆಲಸದ ಮೇಲಿದ್ದಾಗ ಸತ್ತ ಎಂದು ದಾಖಲಾಯಿತು. ಹುಲಿಗೆವ್ವನಿಗೆ ಕಾಯಂ ಕೆಲಸ ಸಿಕ್ಕಿತು, ಮಕ್ಕಳಿಗೆ ಪರಿಹಾರ ಬಂತು. ಈರಪ್ಪನ ಕೆಲಸ ಹೋಯಿತು. ಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು, ಅಷ್ಟೇ. ನ್ಯಾಯ ಎಂಬುದು ನಮ್ಮಂಥವರ ಕಡೆಗೆ ಬರುವಾಗ ಕುಂಟುತ್ತಲೇ ಬರುತ್ತದೆ.

ಇನ್ನು ಪತ್ರಿಕೆಯವರ ಕತೆ ಕೇಳಿ. ಒಂಬತ್ತು ದಿನ ಹೊಟ್ಟೆ ಸುಟ್ಟುಕೊಂಡವನು ನಾನು. ಈರಪ್ಪನ ಬಾಯಿ ಬಿಡಿಸಿದ ಉಪ್ಪು ಬೆಂದದ್ದು ನನ್ನಲ್ಲಿ. ಪತ್ರಿಕೆಯಲ್ಲಿ ಬಂದದ್ದು ಮಾತ್ರ "ನ್ಯಾಯಕ್ಕಾಗಿ ಮೊಳಗಿದ ಹಲಗೆ"! ದೊಡ್ಡ ಚಿತ್ರ. ದುರಗಪ್ಪನ ಎದೆಯ ಮೇಲೆ ಅದು, ಅವನ ಮೊಣಕೈಯ ಹಿಂದೆ ನನ್ನ ಒಂದು ಕಿವಿ. ಆ ಕಿವಿ ನನ್ನದೇ ಎಂದು ಮಾಬೂಬಿ ಎಲ್ಲರಿಗೂ ತೋರಿಸಿ ಹೇಳಬೇಕಾಗುತ್ತಿತ್ತು.

ಅಂದಿನಿಂದ ಪ್ರತಿವರ್ಷ ಯಲ್ಲಪ್ಪ ಸತ್ತ ದಿನ ಆ ಊಟ ನಡೆಯುತ್ತದೆ. ಪುರಸಭೆಯವರು ಬೇವಿನ ಮರ ಕಡಿದು ಗಾಡಿ ನಿಲ್ಲಿಸುವ ಜಾಗ ಮಾಡಿದ ಮೇಲೆ ಊಟ ಮಾಬೂಬಿಯ ಅಂಗಳಕ್ಕೆ ಬಂತು. ಅವಳ ಬಾಗಿಲ ಹೊರಗಿನ ಗೂಡಿನಲ್ಲಿ ಈಗ ಕಪ್ಪಿಲ್ಲ, ಬೀಗದ ಕೈ ಇರುತ್ತದೆ. ದುರಗಪ್ಪ ತೀರಿಹೋದ. ಅವನ ಮೊಮ್ಮಗಳು ಹಲಗೆ ಬಾರಿಸುತ್ತಾಳೆ. ಅದಕ್ಕೆ ಮೂರು ಸಲ ಚರ್ಮ ಬದಲಾಯಿತು, ಮೂರು ಸಲವೂ ಹೊಸ ಹರೆಯ ಬಂತು. ನನ್ನ ತಳ ಸವೆದಾಗ ಮಾತ್ರ ಕಲಾಯಿಯವನು ತಲೆ ಅಲ್ಲಾಡಿಸಿದ. "ಬೆಂಕಿ ತಡ್ಯೂದಿಲ್ಲರಿ ಇನ್ನ ಇದು" ಎಂದ. ನೋಡಿ, ಇದಕ್ಕೂ ಹೊಟ್ಟೆಕಿಚ್ಚು ಪಡಬಾರದೇ?

ಈಗ ನಾನು ಅಂಗಳದ ಮೂಲೆಯಲ್ಲಿದ್ದೇನೆ. ನನ್ನೊಳಗೆ ಇದ್ದಿಲು ತುಂಬಿದ್ದಾರೆ. ಒಂದು ಕೋಳಿ ನನ್ನ ನೆರಳಿನಲ್ಲಿ ಮೊಟ್ಟೆ ಇಡುತ್ತದೆ. ಅಡುಗೆಗೆ ಸ್ಟೀಲಿನ ದೊಡ್ಡ ಪಾತ್ರೆ ಬಂದಿದೆ, ಗ್ಯಾಸಿನ ಒಲೆಯ ಮೇಲೆ ಕೂರುತ್ತದೆ. ಅದನ್ನು ಕಂಡರೂ ನನಗೆ ಆಗುವುದಿಲ್ಲ. ತೆಳ್ಳಗಿನ ಮೈ, ಮುಟ್ಟಿದರೆ ಠಣ್ ಎನ್ನುವ ಜಂಭ. ಈ ವರ್ಷದ ಊಟ ಅದರಲ್ಲೇ ಆಯಿತು. ಉಪ್ಪು ಹಿಡಿದಿರಲಿಕ್ಕಿಲ್ಲ ಎಂದುಕೊಂಡು ಮೂಲೆಯಿಂದ ನೋಡುತ್ತ ಕೂತೆ.

ಸಾಲಿನ ಕೊನೆಗೆ ಎಂದಿನಂತೆ ಈರಪ್ಪ ನಿಂತಿದ್ದ. ಕೆಲಸ ಹೋದ ಮೇಲೆ ಅವನು ಒಂದು ವರ್ಷವೂ ತಪ್ಪಿಸಿಲ್ಲ. ಹುಲಿಗೆವ್ವ ಇಷ್ಟು ವರ್ಷದಲ್ಲಿ ಅವನ ಜೊತೆ ಒಂದು ಮಾತೂ ಆಡಿಲ್ಲ. ಅವಳು ಅವನನ್ನು ಕ್ಷಮಿಸಿಲ್ಲ, ಅದು ಅವನಿಗೂ ಗೊತ್ತು. ಈ ಸಲ ಜನ ಹೆಚ್ಚಾಗಿ ಖಿಚಡಿ ಸಾಲದೆ ಬಂದಿತ್ತು. ಅವನ ಸರದಿ ಬರುವ ಹೊತ್ತಿಗೆ ಪಾತ್ರೆಯಲ್ಲಿ ಒಬ್ಬರ ಊಟ ಮಾತ್ರ ಉಳಿದಿತ್ತು. ಬಡಿಸುವವಳು ಇನ್ನೂ ಉಂಡಿರಲಿಲ್ಲ.

ಹುಲಿಗೆವ್ವ ಪಾತ್ರೆಯನ್ನು ಓರೆ ಮಾಡಿದಳು. ಸುತ್ತಲೂ ಸಟ್ಟುಗ ಆಡಿಸಿ ಎಲ್ಲವನ್ನೂ ಬಳಿದಳು. ಸಟ್ಟುಗ ತುಂಬಿತು. ಮುಖ ನೋಡದೆ, ಮಾತಾಡದೆ, ಕೈ ಕೆಳಗೆ ತಂದು, ಅವನ ತಾಟಿಗೆ ತಾಗಿಸಿ ಹಾಕಿದಳು. ಆಮೇಲೆ ಒಂದು ತಂಬಿಗೆ ನೀರು ಕುಡಿದು ಕಟ್ಟೆಯ ಮೇಲೆ ಕೂತಳು.

ಹಲಗೆ ಬೀದಿಯಲ್ಲಿ ಮೊಳಗುತ್ತಿತ್ತು, ನನಗೆ ಅದು ಕೇಳಿಸಲಿಲ್ಲ. ಸ್ಟೀಲಿನ ಪಾತ್ರೆಯ ಮೇಲಿನ ಸಿಟ್ಟೂ ಮರೆತುಹೋಯಿತು. ನಾನು ಆ ಕೈಯನ್ನೇ ನೋಡುತ್ತಿದ್ದೆ, ನೋಡಿ ಕರುಬುತ್ತಿದ್ದೆ. ಮೂವತ್ತು ಸೇರು ತುಂಬಿಕೊಂಡಿದ್ದ ಕಾಲದಲ್ಲೂ ನನಗೆ ಹಾಗೆ ಕೊಡಲು ಬಂದಿರಲಿಲ್ಲ.